ಅಭಿಮಾನದ ಅಲೆ, ಆಕಸ್ಮಿಕ ಮರಣ ಮತ್ತು ನಮ್ಮ ಹೊಣೆ

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿತು. 2008ರಿಂದ 18 ಆವೃತ್ತಿಗಳುದ್ದಕ್ಕೂ ಕಾದಿದ್ದ ಕಪ್ ಕೈಗೆ ಬಂದಿತ್ತು. ‘ಈ ಸಲ ಕಪ್ ನಮ್ದೇ’ ಎಂಬ ಮಾತು ವರ್ಷವರ್ಷವೂ ನಗೆಪಾಟಲಿಗೆ ಈಡಾಗಿ, ಕೊನೆಗೊಮ್ಮೆ ನಿಜವಾಗಿತ್ತು. ಮರುದಿನ ಸಂಜೆ, ಆ ಸಂತೋಷಕ್ಕೆ ಒಂದು ಪೂರ್ಣ ದಿನವೂ ತುಂಬುವ ಮೊದಲೇ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನಡೆದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಐವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಯುವಕ ಯುವತಿಯರು. ಶಾಲೆಗೆ ಹೋಗುವ ಬಾಲಕಿಯೂ ಅವರಲ್ಲಿದ್ದಳು.

ಆ ದಿನ ಹಜ್ ಯಾತ್ರಿಕರು ಮಿನಾದತ್ತ ಸಾಗುತ್ತಿದ್ದರು. ನಮ್ಮ ಮನೆಗಳಲ್ಲಿ ಬಕ್ರೀದ್‌ಗೆ ಮೂರು ದಿನ ಉಳಿದಿತ್ತು. ಹಬ್ಬದ ಸಿದ್ಧತೆಯ ನಡುವೆಯೇ ಆ ಸುದ್ದಿಯನ್ನು ಕೇಳಿ ಮರುಗಿದವರಲ್ಲಿ ನಾವೂ ಇದ್ದೆವು. ಏಕೆಂದರೆ ಈ ಆಟದ ಮೇಲಿನ ಪ್ರೀತಿ ನಮಗೂ ಹೊಸದಲ್ಲ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದ ಸುನಿಲ್ ಜೋಶಿ ನಮ್ಮ ಗದುಗಿನವರೇ. ಆ ಹೆಮ್ಮೆಯನ್ನು ಹೊತ್ತು ಬೆಳೆದ ಊರು ಇದು. ಆದ್ದರಿಂದ ಅಭಿಮಾನಿಯನ್ನು ಹೊರಗಿನಿಂದ ನೋಡಿ ತೀರ್ಪು ಕೊಡುವ ಉದ್ದೇಶ ನಮಗಿಲ್ಲ.

ದುರಂತದ ನಂತರ ಎರಡು ಬಗೆಯ ಮಾತುಗಳು ಕೇಳಿಬಂದವು. ‘ಆಟದ ಹುಚ್ಚಿನಲ್ಲಿ ಸತ್ತರು, ಅದಕ್ಕೇಕೆ ಅಳಬೇಕು?’ ಎಂಬುದು ಒಂದು. ‘ಎಲ್ಲವೂ ವಿಧಿಲಿಖಿತ, ಯಾರೇನು ಮಾಡಲಾದೀತು?’ ಎಂಬುದು ಇನ್ನೊಂದು. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಧರ್ಮದ ಭಾಷೆಯನ್ನು ಆಡುತ್ತವೆಯೇ ಹೊರತು ಧರ್ಮದ ಮಾತಲ್ಲ.

ಮೊದಲನೆಯದನ್ನು ನೋಡೋಣ. ಪ್ರವಾದಿ ಮುಹಮ್ಮದ್(ಸ)ರ ಮುಂದಿನಿಂದ ಒಬ್ಬ ಯಹೂದಿಯ ಶವಯಾತ್ರೆ ಸಾಗಿದಾಗ ಅವರು ಎದ್ದುನಿಂತರು. ಸತ್ತವನು ಯಹೂದಿ ಎಂದು ಜೊತೆಗಿದ್ದವರು ನೆನಪಿಸಿದಾಗ, ಅವನೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಮರುಪ್ರಶ್ನಿಸಿದರು. ಸತ್ತವನು ಯಾರು, ಎಲ್ಲಿಗೆ ಹೊರಟಿದ್ದ ಎಂಬುದು ಅಲ್ಲಿ ಚರ್ಚೆಯ ವಿಷಯವಾಗಲಿಲ್ಲ. ಹೀಗಿರುವಾಗ ಹದಿಹರೆಯದ ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ‘ಹುಚ್ಚು’ ಎಂಬ ಪದವನ್ನು ಬಳಸುವ ಹಕ್ಕು ನಮಗೆಲ್ಲಿಂದ ಬಂತು? ಆಟವನ್ನು ನೋಡಲು ಹೋಗುವುದು ಸಾಯಬೇಕಾದ ಅಪರಾಧವಲ್ಲ.

ಎರಡನೆಯ ಮಾತು ಇನ್ನೂ ಅಪಾಯಕಾರಿ. ಮರಣದ ಗಳಿಗೆ ಅಲ್ಲಾಹನ ಬಳಿ ನಿಶ್ಚಿತವಾಗಿದೆ. ತಾನು ಯಾವ ನೆಲದಲ್ಲಿ ಸಾಯುವೆನೆಂಬುದನ್ನು ಯಾವ ಜೀವವೂ ಅರಿಯದೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಇದು ನಮ್ಮ ವಿಶ್ವಾಸ. ಆದರೆ ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗಬಾರದೆಂದು ಎಚ್ಚರಿಸಿದವರೂ, ಒಂಟೆಯನ್ನು ಕಟ್ಟಿದ ಮೇಲೆಯೇ ಅಲ್ಲಾಹನ ಮೇಲೆ ಭರವಸೆಯಿಡಲು ಹೇಳಿದವರೂ ಅದೇ ಪ್ರವಾದಿವರ್ಯರು(ಸ). ತಕ್ದೀರ್ ಎಂಬುದು ದುಃಖಿತನ ಸಾಂತ್ವನಕ್ಕಾಗಿ ಇದೆ, ಹೊಣೆಗಾರನ ರಕ್ಷಣೆಗಾಗಿ ಅಲ್ಲ. ಸುಮಾರು 35 ಸಾವಿರ ಮಂದಿ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಾಂತರ ಮಂದಿ ಹರಿದುಬಂದಾಗ ಆಗಬಹುದಾದದ್ದನ್ನು ಮೊದಲೇ ಊಹಿಸಬಹುದಿತ್ತು. ಸರಕಾರವು ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗವನ್ನು ನೇಮಿಸಿತು. ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ವಿಧಿಯ ಹೆಸರು ಹೇಳಿ ಪ್ರಶ್ನೆಗಳನ್ನು ಮುಚ್ಚದೆ ಉತ್ತರ ಕೇಳುವುದು ನ್ಯಾಯದ ಭಾಗ.

ಈ ಪಾಠವನ್ನು ಮುಸ್ಲಿಮ್ ಸಮುದಾಯವೂ ದುಬಾರಿ ಬೆಲೆ ತೆತ್ತು ಕಲಿತಿದೆ. 1990ರಲ್ಲಿ ಮಕ್ಕಾದ ಬಳಿಯ ಸುರಂಗದಲ್ಲಿ 1,426 ಹಜ್ ಯಾತ್ರಿಕರು ಉಸಿರುಗಟ್ಟಿ ಸತ್ತರು. 2006ರ ಕಾಲ್ತುಳಿತದ ಬಳಿಕ ಜಮರಾತ್‌ನ ಹಳೆಯ ಸೇತುವೆಯನ್ನು ಕೆಡವಿ, ಬರುವವರಿಗೂ ಹೋಗುವವರಿಗೂ ಪ್ರತ್ಯೇಕ ದಾರಿಗಳಿರುವ ಬಹುಮಹಡಿಯ ಸೇತುವೆಯನ್ನು ಕಟ್ಟಲಾಯಿತು. ಆದರೂ 2015ರಲ್ಲಿ ಮಿನಾದ ಬೀದಿಯೊಂದರಲ್ಲಿ ಮತ್ತೆ ದುರಂತ ನಡೆಯಿತು. ಸತ್ತವರು 769 ಎಂದು ಸೌದಿ ಸರಕಾರವೇ ಪ್ರಕಟಿಸಿತು. ಪವಿತ್ರ ನೆಲವೂ ಪವಿತ್ರ ಉದ್ದೇಶವೂ ಜನಸಂದಣಿಯ ನಿಯಮವನ್ನು ಬದಲಿಸಲಾರವು. ಕಾಲ್ತುಳಿತವೆಂದು ನಾವು ಕರೆಯುವ ಘಟನೆಗಳಲ್ಲಿ ಬಹುಪಾಲು ಮಂದಿ ತುಳಿತದಿಂದ ಸಾಯುವುದಿಲ್ಲ. ಎದೆಯ ಮೇಲಿನ ಒತ್ತಡದಿಂದ ಉಸಿರಾಡಲಾಗದೆ, ನಿಂತಲ್ಲಿಯೇ ಸಾಯುತ್ತಾರೆ. ಹಿಂದಿನಿಂದ ತಳ್ಳುವವನಿಗೆ ಮುಂದೆ ಏನಾಗುತ್ತಿದೆ ಎಂಬುದೇ ಕಾಣುವುದಿಲ್ಲ.

ಅರಫಾತ್‌ನಿಂದ ಹೊರಟ ಜನರು ಒಂಟೆಗಳನ್ನು ಅಬ್ಬರಿಸಿ ಓಡಿಸುತ್ತಿದ್ದಾಗ ಪ್ರವಾದಿವರ್ಯರು(ಸ) ಶಾಂತವಾಗಿ ಸಾಗಲು ಆಜ್ಞಾಪಿಸಿದರು. ಅವಸರದಲ್ಲಿ ಪುಣ್ಯವಿಲ್ಲವೆಂದು ತಿಳಿಹೇಳಿದರು. ಇಕಾಮತ್ ಕೇಳಿಬಂದರೂ ನಮಾಝಿಗೆ ಓಡಿ ಬರಬೇಡಿ, ಸಾವಧಾನವಾಗಿ ನಡೆದು ಬನ್ನಿ ಎಂದು ಕಲಿಸಿದರು. ಅಲ್ಲಾಹನ ಸನ್ನಿಧಿಗೇ ಓಡಿ ಬರಬಾರದೆಂದಾದರೆ, ಒಬ್ಬ ಆಟಗಾರನ ಮುಖದರ್ಶನಕ್ಕೆ ಬೇಲಿ ಹಾರಿ ಓಡುವುದು ಹೇಗೆ ಸರಿಯಾದೀತು?

ಬೆಂಗಳೂರು ದೂರವೆಂದು ಭಾವಿಸುವವರು ಸೂರಣಗಿಯನ್ನು ನೆನೆಯಲಿ. 2024ರ ಜನವರಿ 8 ನಟ ಯಶ್ ಅವರ ಹುಟ್ಟುಹಬ್ಬ. ಲಕ್ಷ್ಮೇಶ್ವರ ತಾಲೂಕಿನ ಆ ಹಳ್ಳಿಯಲ್ಲಿ ಹಿಂದಿನ ರಾತ್ರಿ ಅವರ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು, ಇನ್ನೂ ಕೆಲವರು ಗಾಯಗೊಂಡರು. ಅಂದು ಸಂಜೆಯೇ ಊರಿಗೆ ಬಂದ ನಟನು ಅಭಿಮಾನವನ್ನು ಈ ರೀತಿ ತೋರಿಸಬೇಡಿರೆಂದು ಬೇಡಿಕೊಳ್ಳಬೇಕಾಯಿತು. ಆ ತಂತಿಗೆ ಯಾರ ಹಬ್ಬವೆಂಬುದು ತಿಳಿಯದು. ಗದಗ-ಬೆಟಗೇರಿಯ ಮೀಲಾದ್ ಜುಲೂಸಿನಲ್ಲಿ ಎತ್ತರದ ಕಮಾನು ಕಟ್ಟುವ ನಮ್ಮ ಹುಡುಗನಿಗೂ, ಶಿರಹಟ್ಟಿಯ ಜಾತ್ರೆಯಲ್ಲಿ ಬಾವುಟ ಏರಿಸುವ ನೆರೆಮನೆಯ ಹುಡುಗನಿಗೂ, ಮುಂಡರಗಿಯಲ್ಲಿ ಪಂದ್ಯ ಗೆದ್ದ ರಾತ್ರಿ ಒಂದೇ ಬೈಕಿನ ಮೇಲೆ ಮೂವರಾಗಿ ಹೊರಡುವ ಗೆಳೆಯರಿಗೂ ಅಪಾಯ ಒಂದೇ.

ಇನ್ನು ಅಭಿಮಾನದ ಅಳತೆಯ ಮಾತು. ಪ್ರವಾದಿವರ್ಯರ(ಸ) ‘ಅದ್‌ಬಾ’ ಎಂಬ ಒಂಟೆಯನ್ನು ಓಟದಲ್ಲಿ ಯಾವ ಒಂಟೆಯೂ ಮೀರಿಸುತ್ತಿರಲಿಲ್ಲ. ಒಮ್ಮೆ ಗ್ರಾಮೀಣ ಅರಬನೊಬ್ಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿತು. ಅನುಯಾಯಿಗಳಿಗೆ ಅದು ನುಂಗಲಾರದ ತುತ್ತಾಯಿತು. ಇಂದಿನ ಅಭಿಮಾನಿಯ ನೋವೇ ಅದು! ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಈ ಲೋಕದಲ್ಲಿ ಮೇಲೇರಿದ ಯಾವುದನ್ನೇ ಆಗಲಿ ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ತಿಳಿಸಿ ಸಮಾಧಾನಪಡಿಸಿದರು. ಓಟವನ್ನು ಅವರು ನಿಷೇಧಿಸಲಿಲ್ಲ, ಗೆಲುವನ್ನು ಅದರ ಸ್ಥಾನದಲ್ಲಿಟ್ಟರು.

ಆಟಗಾರನ ಬದುಕೂ ಅಷ್ಟೇ ನಾಜೂಕು. 2014ರ ನವೆಂಬರ್ 25ರಂದು ಸಿಡ್ನಿಯಲ್ಲಿ 63 ರನ್ ಗಳಿಸಿ ಆಡುತ್ತಿದ್ದ ಫಿಲಿಪ್ ಹ್ಯೂಸ್ ಕುತ್ತಿಗೆಗೆ ಚೆಂಡು ಬಡಿದು ಕುಸಿದರು. ಎರಡು ದಿನಗಳ ಬಳಿಕ, 26ನೇ ಹುಟ್ಟುಹಬ್ಬಕ್ಕೆ ಮೂರು ದಿನವಿರುವಾಗ ತೀರಿಕೊಂಡರು. ಹೆಲ್ಮೆಟ್ ಇತ್ತು, ಯೌವನವಿತ್ತು, ವೈದ್ಯರಿದ್ದರು. ನಾವು ಯಾರ ಚಿತ್ರಕ್ಕೆ ಹಾರ ಹಾಕುತ್ತೇವೆಯೋ ಅವರ ಉಸಿರೂ ಸಾಲವಾಗಿ ಬಂದದ್ದೇ.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳಿಗೆ ಆಟವನ್ನು ನಿಷೇಧಿಸುವ ಬದಲು ಎಚ್ಚರವನ್ನು ಕಲಿಸಿರಿ. ಜನಸಂದಣಿ ದಟ್ಟವಾಗುತ್ತಿದೆ ಎನಿಸಿದೊಡನೆ ಹಿಂದಿರುಗುವುದು ಹೇಡಿತನವಲ್ಲ. ಸಿಕ್ಕಿಬಿದ್ದರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಬಿದ್ದ ಚಪ್ಪಲಿಗೋ ಮೊಬೈಲಿಗೋ ಬಗ್ಗಬಾರದು. ಒತ್ತಡದ ವಿರುದ್ಧ ಹೋರಾಡದೆ ಓರೆಯಾಗಿ ಅಂಚಿನತ್ತ ಸರಿಯಬೇಕು. ಮಸೀದಿಯ ಜಮಾಅತ್‌ಗಳೂ ಜುಲೂಸು, ಉರುಸುಗಳಿಗೆ ಮೊದಲು ದಾರಿಯನ್ನೂ ತಂತಿಗಳನ್ನೂ ಪರೀಕ್ಷಿಸಿ, ಸ್ವಯಂಸೇವಕರಿಗೆ ಈ ಅಂಶಗಳನ್ನು ತಿಳಿಸಲಿ. ಹೆಸ್ಕಾಂ ಕಚೇರಿಗೆ ಮೊದಲೇ ಒಂದು ಮಾತು ಹೇಳಿದರೆ ಆಗುವ ನಷ್ಟವೇನು? ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ಆಚರಿಸಲು ಇದಕ್ಕಿಂತ ಸುಲಭವಾದ ದಾರಿ ಬೇರೆಯಿಲ್ಲ.

ಮನೆಯಿಂದ ಹೊರಡುವ ಮಗನು ಸಲಾಮ್ ಹೇಳಿ ಹೋಗಲಿ. ಯಾರೊಡನೆಯಾದರೂ ಮುನಿಸಿದ್ದರೆ ಅದನ್ನು ಮುಗಿಸಿ ಹೋಗಲಿ. ನಮಾಝಿನ ಬಾಕಿಯನ್ನು ನಾಳೆಗೆ ಇಡದಿರಲಿ. ಪಂದ್ಯದ ಮುಂದಿನ ದಿನಾಂಕ ಪ್ರಕಟವಾಗುತ್ತದೆ, ನಮ್ಮದು ಪ್ರಕಟವಾಗುವುದಿಲ್ಲ.

ಅಗಲಿದವರ ಕುಟುಂಬಗಳಿಗೆ ಅಲ್ಲಾಹನು ಸಹನೆಯನ್ನು ಕರುಣಿಸಲಿ. ನಮ್ಮ ಮಕ್ಕಳನ್ನೂ ನೆರೆಹೊರೆಯ ಮಕ್ಕಳನ್ನೂ ಕಾಪಾಡಲಿ. ಆಮೀನ್.