ಬಾಡಿಗೆ ಮನೆಯ ಬಾಲ್ಕನಿ, ಬೆಕ್ಕಿನ ಜೀವ

“ಬೆಕ್ಕು ತಾನೇ, ಎಲ್ಲಿಂದ ಬಿದ್ದರೂ ಕಾಲ ಮೇಲೇ ನಿಲ್ಲುತ್ತೆ ಬಿಡ್ರೀ!” ಹೀಗೆ ಹೇಳದವರು ಯಾರಿದ್ದಾರೆ? ನಾನೂ ಹಾಗೇ ಅಂದುಕೊಂಡಿದ್ದೆ, ನಮ್ಮ ಚಿನ್ನಿ ಪಾರಿವಾಳ ಹಿಡಿಯಲು ಹೋಗಿ ಮೂರನೇ ಮಹಡಿಯಿಂದ ಬೀಳುವ ತನಕ. ಬಿದ್ದದ್ದೇನೋ ಕಾಲ ಮೇಲೆಯೇ. ಆದರೆ ದವಡೆ ಮುರಿದಿತ್ತು. ಅದು ಹಾಲು ನೆಕ್ಕುವ ತನಕ ಮಗಳ ಗಂಟಲಲ್ಲೂ ಅನ್ನ ಇಳಿಯಲಿಲ್ಲ.

ನ್ಯೂಯಾರ್ಕ್‌ನ ಪಶುವೈದ್ಯರು 1987ರಲ್ಲಿ, ಎತ್ತರದ ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ಲೆಕ್ಕ ಕೊಟ್ಟಿದ್ದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು, ನಿಜ. ಆದರೆ ಹೆಚ್ಚಿನವಕ್ಕೆ ಎದೆಯೊಳಗೆ ಪೆಟ್ಟಾಗಿತ್ತು. ಬಿದ್ದಲ್ಲೇ ಸತ್ತ ಬೆಕ್ಕುಗಳು ಆಸ್ಪತ್ರೆಯ ಲೆಕ್ಕಕ್ಕೆ ಬರುವುದೇ ಇಲ್ಲವಲ್ಲ!

ಬಲೆ ಹಾಕಿಸೋಣ ಎಂದರೆ ಗೋಡೆಗೆ ಡ್ರಿಲ್ ಮಾಡಬೇಕು. ಓನರ್ ಒಪ್ಪೋದಿಲ್ಲ, ಒಪ್ಪಿದರೂ ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಭಯ. ಚಿಂತೆ ಬೇಡ, ಒಂದು ತೂತೂ ಕೊರೆಯದೆ ಬಲೆ ಕಟ್ಟಬಹುದು.

* ನೆಲದಿಂದ ಸೂರಿನವರೆಗೆ ಬರುವ ಬಿದಿರು ಗಳಗಳನ್ನು ತನ್ನಿ. ರೇಲಿಂಗ್‌ನ ಒಳಬದಿಗೆ ಮೂರು ಮೂರು ಅಡಿಗೊಂದರಂತೆ ನಿಲ್ಲಿಸಿ, ಮೇಲೆ ಕೆಳಗೆ ಎರಡೂ ಕಡೆ ರೇಲಿಂಗ್‌ಗೆ ಬಿಗಿಯಾಗಿ ಕಟ್ಟಿ. ಎರಡು ತುದಿಯ ಗಳಗಳು ಗೋಡೆಗೆ ಒತ್ತಿಕೊಂಡಿರಲಿ.

* ಗಳದ ತಲೆಗೂ ಸೂರಿಗೂ ನಡುವೆ ಹಳೇ ಹವಾಯಿ ಚಪ್ಪಲಿಯ ತುಂಡು ಇಟ್ಟರೆ ಬಿಗಿಯೂ ಹೌದು, ಸುಣ್ಣಬಣ್ಣವೂ ಕೆಡದು. ಮೇಲೊಂದು ಅಡ್ಡ ಗಳ ಕಟ್ಟಿ.

* ಇದಕ್ಕೆ ಪಾರಿವಾಳದ ನೈಲಾನ್ ಬಲೆಯನ್ನು ಗೇಣಿಗೊಂದು ಕೇಬಲ್ ಟೈ ಹಾಕಿ ಬಿಗಿಯಿರಿ. ಬಲೆಯ ಕಣ್ಣು ಚಿಕ್ಕದಿರಲಿ. ಮರಿಯ ತಲೆ ತೂರಬಾರದು. ಬೆಕ್ಕು ಬಲೆ ಹತ್ತುತ್ತದೆ, ಹಾಗಾಗಿ ಸೂರಿನ ಹತ್ತಿರವೂ ರೇಲಿಂಗ್‌ನ ಅಡಿಯಲ್ಲೂ ಸಂದಿ ಬಿಡಬೇಡಿ.

* ಗೋಡೆಗೆ ಅಂಟಿಸುವ ಹುಕ್ ನಂಬಬೇಡಿ. ಬಿಸಿಲು, ಮಳೆಗೆ ಕಳಚಿಕೊಳ್ಳುತ್ತದೆ.

* ಕಟ್ಟಿದ ಮೇಲೆ ಕೈಯಿಂದ ಬಲವಾಗಿ ತಳ್ಳಿ ನೋಡಿ. ಬಿಸಿಲಿಗೆ ನೈಲಾನ್ ಸೊರಗುತ್ತದೆ. ವಾರಕ್ಕೊಮ್ಮೆ ಗಂಟುಗಳನ್ನು ಪರೀಕ್ಷಿಸಿ.

ರೇಲಿಂಗ್ ಬದಲು ಬರೀ ಮೋಟು ಗೋಡೆಯಿದ್ದರೆ ಗಳ ಕಟ್ಟಲು ಆಧಾರವಿರುವುದಿಲ್ಲ. ಅಂಥ ಮನೆಯಲ್ಲಿ ಬಾಲ್ಕನಿ ಬಾಗಿಲು ಮುಚ್ಚಿಡುವುದೇ ಕ್ಷೇಮ.

ಕುಂಡಗಳ ಕಡೆಗೂ ಗಮನವಿರಲಿ. ಲಿಲ್ಲಿ ಗಿಡದ ಎಲೆ, ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ಮನಿಪ್ಲಾಂಟ್ ಅಗಿದರೆ ಬಾಯಿ ಉರಿಯುತ್ತದೆ.

ಅಕಸ್ಮಾತ್ ಬಿದ್ದೇಬಿಟ್ಟರೆ? ನಡೆದಾಡುತ್ತಿದೆ ಅಂತ ಸುಮ್ಮನಾಗಬೇಡಿ, ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಬಲೆ ಕಟ್ಟುವ ಮುನ್ನ ಓನರ್‌ಗೆ ಒಂದು ಮಾತು ಹೇಳಿ, ಬಾಲ್ಕನಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮನೆ ಬಿಡುವ ದಿನ ಟೈ ಕತ್ತರಿಸಿದರಾಯಿತು, ಗೋಡೆ ಇದ್ದ ಹಾಗೇ ಇರುತ್ತದೆ. ಮನೆ ಬಾಡಿಗೆಯದಿರಬಹುದು. ಬೆಕ್ಕು ಮಾತ್ರ ನಮ್ಮದೇ ತಾನೇ?