ಕೋಟೆ ಉಳಿಯಿತು, ಬಾವಿಯ ಗತಿಯೇನು?

ಮಲೆನಾಡಿನ ಹಳೆಯ ತೊಟ್ಟಿಮನೆಗಳು ಇದುವರೆಗೆ ಎರಡು ರೀತಿಯಲ್ಲಿ ಅಳಿಯುತ್ತ ಬಂದಿವೆ. ಹಂಚು ಜಾರಿದ ಮನೆಗಳು ಒಂದೆರಡು ಮಳೆಗಾಲಕ್ಕೇ ಗೋಡೆ ಕರಗಿ ಬಿದ್ದವು. ಇನ್ನು ಕೆಲವನ್ನು ಒಡೆಯರೇ ಬಿಚ್ಚಿಸಿದರು. ಅವುಗಳ ಕೆತ್ತನೆಯ ಕಂಬಗಳೂ ಬಾಗಿಲುಗಳೂ ನಗರದ ಪುರಾತನ ವಸ್ತುಗಳ ಅಂಗಡಿ ಸೇರಿದವು. ಈಗ ಮೂರನೆಯ ದಾರಿಯೊಂದು ತೆರೆದಿದೆ. ಹೊರಗಿನ ಬಂಡವಾಳಗಾರರು ಹಳೆಯ ಮನೆ, ಬಂಗಲೆಗಳನ್ನು ಕೊಂಡು ಅಥವಾ ಗುತ್ತಿಗೆಗೆ ಪಡೆದು ದುಬಾರಿ ಹೋಟೆಲುಗಳನ್ನಾಗಿ ಮಾಡುತ್ತಿದ್ದಾರೆ. ಇದು ಉಳಿವೋ ಅಳಿವೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ರಾಜಸ್ಥಾನದ ನೀಮ್ರಾಣಾ ಎಂಬ ಊರಿನ ಕಥೆಯನ್ನು ಅರಿಯುವುದು ಒಳಿತು.

ಫ್ರಾನ್ಸ್ ಮೂಲದ ಫ್ರಾನ್ಸಿಸ್ ವಾಕ್ಜಿಯಾರ್ಗ್ ಉದ್ಯೋಗನಿಮಿತ್ತ ಭಾರತಕ್ಕೆ ಬಂದು, ಇಲ್ಲಿಯೇ ನೆಲೆಸಿ, ಮುಂದೆ ಈ ದೇಶದ ಪೌರತ್ವವನ್ನೇ ಪಡೆದವರು. ಇತಿಹಾಸಕಾರ ಅಮನ್ ನಾಥ್ ಅವರೊಡನೆ ಶೇಖಾವಟಿಯ ಚಿತ್ರಭಿತ್ತಿಗಳನ್ನು ಕುರಿತ ಗ್ರಂಥವೊಂದಕ್ಕಾಗಿ ತಿರುಗಾಡುತ್ತಿದ್ದ ಕಾಲದಲ್ಲಿ ಅವರು ನೀಮ್ರಾಣಾದ ಪಾಳುಕೋಟೆಯನ್ನು ಕಂಡರು. ದಿಲ್ಲಿ-ಜಯಪುರ ಹೆದ್ದಾರಿಗೆ ಸಮೀಪದ ಗುಡ್ಡದ ಓರೆಯಲ್ಲಿ ಚೌಹಾಣ ಅರಸು ಮನೆತನದವರು 1464ರಲ್ಲಿ ಕಟ್ಟಲಾರಂಭಿಸಿದ ಕೋಟೆಯದು. ಸ್ವಾತಂತ್ರ್ಯ ಬಂದ ಕಾಲಕ್ಕೆ ರಾಜಮನೆತನ ಅದನ್ನು ತೊರೆದು ಕೆಳಗಿಳಿದಿತ್ತು. 1986ರಲ್ಲಿ ಈ ಇಬ್ಬರು ಗೆಳೆಯರು ಮತ್ತಿಬ್ಬರೊಡಗೂಡಿ ಅದನ್ನು ಕೊಂಡರು. ಕುಸಿದ ಗೋಡೆಗಳನ್ನು ಹಂತಹಂತವಾಗಿ ಎತ್ತಿ ನಿಲ್ಲಿಸಿ, 1991ರಲ್ಲಿ ಕೆಲವೇ ಕೋಣೆಗಳೊಡನೆ ಹೋಟೆಲನ್ನು ತೆರೆದರು. 2014ರಲ್ಲಿ ವಾಕ್ಜಿಯಾರ್ಗ್ ತೀರಿಕೊಳ್ಳುವ ಹೊತ್ತಿಗೆ ಅವರ ಸಂಸ್ಥೆ ಕೇಸ್ರೋಲಿಯ ಗುಡ್ಡದ ಕೋಟೆ, ಮಾಥೇರಾನದ ಕಾಡಿನ ನಡುವಣ ಬಂಗಲೆ, ನೀಲಗಿರಿಯ ಕೂನೂರಿನ ತೋಟದ ಮನೆ, ಬೆಂಗಳೂರಿನ ಮಲ್ಲೇಶ್ವರದ ಹಳೆಯ ಮನೆಯೊಂದರವರೆಗೂ ಕೈಚಾಚಿತ್ತು.

ಈ ವೃತ್ತಿಯಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ನಿಂತಿರುವ ಗೋಡೆಯನ್ನು ಬಳಸಿಕೊಂಡಾಗ ಹೊಸ ಕಲ್ಲುಕ್ವಾರಿ ಬೇಕಿಲ್ಲ. ಮರಳಿಗಾಗಿ ಹೊಳೆಯ ಒಡಲನ್ನು ಬಗೆಯಬೇಕಿಲ್ಲ. ಗುಡ್ಡದ ಇನ್ನೊಂದು ಮಗ್ಗುಲನ್ನು ಕಡಿದು ಸಮತಟ್ಟು ಮಾಡಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿದ್ದನ್ನು ಮಲೆನಾಡಿಗರು ಮರೆತಿಲ್ಲ. ಹೊಸದಾಗಿ ಗುಡ್ಡ ಅಗೆದು ಏಳುವ ರೆಸಾರ್ಟಿಗಿಂತ, ಇದ್ದ ಮನೆಯನ್ನೇ ದುರಸ್ತಿ ಮಾಡಿದ ಹೋಟೆಲು ನೆಲಕ್ಕೆ ಹಗುರವೆಂಬುದು ನಿಶ್ಚಯ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನೀಮ್ರಾಣಾದಲ್ಲಿ ಕೋಟೆಯಲ್ಲದೆ ಹಳೆಯ ಕಾಲದ ಇನ್ನೊಂದು ಸಿರಿಯಿದೆ. ಅದು ನೆಲದೊಳಕ್ಕೆ ಒಂಬತ್ತು ಅಂತಸ್ತು ಇಳಿಯುವ ಮೆಟ್ಟಿಲುಬಾವಿ. ಊರವರಿಗೂ ದಾರಿಹೋಕರಿಗೂ ನೀರುಣಿಸಲೆಂದು ಕಟ್ಟಿಸಿದ ಈ ಬಾವಿ ಬಹುಕಾಲ ಆರೈಕೆಯಿಲ್ಲದೆ ಬಿದ್ದಿತ್ತು. ಕೋಟೆಗೆ ಬಂಡವಾಳ ಬಂತು, ಈಜುಕೊಳವೂ ಬಂತು. ಬಾವಿಗೆ ಯಾವ ಬಂಡವಾಳವೂ ಬರಲಿಲ್ಲ. ಏಕೆಂದರೆ ಬಾವಿಯಲ್ಲಿ ಕೋಣೆಗಳಿಲ್ಲ, ಬಾಡಿಗೆಯಿಲ್ಲ. ರಾಜಸ್ಥಾನದ ತಾಲ್ಲೂಕು ಘಟಕಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಅಂಥ ನಾಡಿನಲ್ಲಿ ಯಾವ ಪರಂಪರೆ ಮೊದಲು ಉಳಿಯಬೇಕಿತ್ತು ಎಂಬುದನ್ನು ಓದುಗರೇ ಯೋಚಿಸಬೇಕು. ಇದು ಒಬ್ಬ ಉದ್ಯಮಿಯ ದೋಷವಲ್ಲ. ಮಾರುಕಟ್ಟೆ ತನಗೆ ಲಾಭ ತರುವುದನ್ನಷ್ಟೇ ಉಳಿಸುತ್ತದೆ. ಉಳಿದುದನ್ನು ಉಳಿಸುವ ಹೊಣೆ ಊರಿನದು, ಸರ್ಕಾರದ್ದು.

ಪಾರಂಪರಿಕ ಹೋಟೆಲೆಂಬ ಮನ್ನಣೆಗೆ ಕೇಂದ್ರ ಪ್ರವಾಸೋದ್ಯಮ ಇಲಾಖೆ ಮೊದಲು ನೋಡುವುದು ಕಟ್ಟಡದ ವಯಸ್ಸನ್ನು. ಅದು 1950ಕ್ಕೆ ಹಿಂದಿನದಾಗಿರಬೇಕು. ಮೇಲಿನ ದರ್ಜೆಗಳಿಗೆ 1935ಕ್ಕೆ ಹಿಂದಿನದಾಗಿರಬೇಕು. ಕಟ್ಟಡದ ವಯಸ್ಸನ್ನು ಹೀಗೆ ಎಣಿಸುವವರು ಅದರ ಪಕ್ಕದ ಒರತೆಯ ವಯಸ್ಸನ್ನೂ ಎಣಿಸಬೇಕಲ್ಲವೇ? ಒಂದು ಕುಟುಂಬದ ಬಳಕೆಗೆ ಕಟ್ಟಿದ ಮನೆಯಲ್ಲಿ ಕೋಣೆಗೊಂದು ಸ್ನಾನಗೃಹವಾದಾಗ ನೀರಿನ ಬೇಡಿಕೆ ಹಲವು ಪಟ್ಟು ಏರುತ್ತದೆ. ಗುಡ್ಡದ ಮೇಲಿನ ಶೌಚಗುಂಡಿ ಸೋರಿದರೆ ಕೆಳಗಿನ ಕೇರಿಯ ಬಾವಿ ಕೆಡುತ್ತದೆ. ಗೋಡೆ ಹಳೆಯದೆಂಬ ಕಾರಣಕ್ಕೆ ಈ ಯಾವ ಹೊರೆಯೂ ಕಡಿಮೆಯಾಗುವುದಿಲ್ಲ.

ಮಾಥೇರಾನದಿಂದ ಕಲಿಯಬೇಕಾದ ಪಾಠವೂ ಇದೆ. ಸಹ್ಯಾದ್ರಿಯ ಆ ಗಿರಿಧಾಮಕ್ಕೆ ಪ್ರವಾಸಿಗರ ಕಾರುಗಳು ಪ್ರವೇಶಿಸುವಂತಿಲ್ಲ. 2003ರಲ್ಲಿ ಅದನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಅಲ್ಲಿ ಹೋಟೆಲು ನಡೆಸಬಯಸುವ ಯಾರೇ ಆಗಲಿ, ಸ್ಥಳದ ನಿಯಮಕ್ಕೆ ತಾವು ಹೊಂದಿಕೊಳ್ಳಬೇಕು. ನಿಯಮ ಮೊದಲಿದ್ದು ಬಂಡವಾಳ ಆಮೇಲೆ ಬರಬೇಕು. ಬಂಡವಾಳ ಬಂದ ಮೇಲೆ ನಿಯಮ ಮಾಡಹೊರಟರೆ ಅದು ಹೊಳೆ ತುಂಬಿದ ಮೇಲೆ ಸಂಕ ಕಟ್ಟಿದಂತೆ.

ಆದುದರಿಂದ ಹಳೆಯ ಮನೆಯೊಂದನ್ನು ಹೋಟೆಲು ಮಾಡುವ ಅರ್ಜಿ ಪಂಚಾಯಿತಿಗೆ ಬಂದಾಗ, ಗ್ರಾಮಸಭೆ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ನೀರು ಯಾವ ಮೂಲದ್ದು, ಬೇಸಿಗೆಯ ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟು? ಕೊಳಚೆ ಎಲ್ಲಿ ಇಂಗುತ್ತದೆ? ಹಳೆಯ ಮನೆಯ ಹೆಸರಿನಲ್ಲಿ ಹೊಸ ಕಟ್ಟಡಗಳು ಎಷ್ಟು ಏಳುತ್ತವೆ? ರಸ್ತೆಗಾಗಿ ಎಷ್ಟು ಧರೆ ಕಡಿಯಲಾಗುತ್ತದೆ? ದೇವರ ಕಾಡಿಗೆ, ಕೆರೆಗೆ ಹೋಗುವ ಕಾಲುದಾರಿ ಬೇಲಿಯೊಳಗೆ ಸೇರುತ್ತದೆಯೇ? ಉತ್ತರಗಳು ಬರವಣಿಗೆಯಲ್ಲಿರಲಿ, ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ಮನೆಗಳ ಜೊತೆಗೆ ಕೆರೆ, ಒರತೆ, ಕಟ್ಟೆಗಳ ಪಟ್ಟಿಯನ್ನೂ ಈ ರಜೆಯಲ್ಲಿಯೇ ಸಿದ್ಧಪಡಿಸಿದರೆ, ಆ ಸಭೆಯಲ್ಲಿ ಊರಿನ ಕೈಯಲ್ಲೊಂದು ದಾಖಲೆಯಿರುತ್ತದೆ.

ಮನೆ ಉಳಿಯಲಿ. ಆದರೆ ಆ ಮನೆ ಇಷ್ಟು ಕಾಲ ಯಾವ ನೀರಿನಿಂದ ಬಾಳಿತೋ ಆ ನೀರೂ ಊರಿನದಾಗಿಯೇ ಉಳಿಯಬೇಕು.