ಕಾವಲುಗಾರ ಏನೇನು ನೋಡುತ್ತಾನೆ? ಕನ್ನಡದಲ್ಲಿ ಹೇಳಲಿ!

ಗುಬ್ಬಿಯಿಂದ ರೈಲು, ಕುಣಿಗಲ್ಲಿನಿಂದ ಬಸ್ಸು ಹಿಡಿದು ತುಮಕೂರಿಗೆ ಓದಲು ಬರುವ ಗೆಳೆಯರೇ, ಕಾಲೇಜು ಲ್ಯಾಬಿನ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗುರುತು ಕಂಡಿರಬಹುದು. ವೈರಸ್ ಕಾಯುವ ತಂತ್ರಾಂಶ ಅಂತ ಸುಮ್ಮನಾಗುತ್ತೇವೆ. ಗುಬ್ಬಿ ವೀರಣ್ಣನವರ ಸೀಮೆಗೆ ಪರದೆ ಹೊಸದಲ್ಲ. ಪರದೆಯೇ ಪ್ರೇಕ್ಷಕನನ್ನು ನೋಡುವುದು ಹೊಸದು.

ಹಳೆಯ ಆಂಟಿವೈರಸ್ ಕೆಟ್ಟ ಫೈಲು ಹಿಡಿದು ಬಿಸಾಡುತ್ತಿತ್ತು. ಈಗ ದೊಡ್ಡ ಸಂಸ್ಥೆಗಳು ಹಾಕುತ್ತಿರುವುದು 'ಇಡಿಆರ್' ಎಂಬ ಹೊಸ ತಳಿ. ಯಾವ ಪ್ರೋಗ್ರಾಂ ಯಾವಾಗ ತೆರೆಯಿತು, ಯಾವ ವಿಳಾಸಕ್ಕೆ ಸಂಪರ್ಕ ಹೋಯಿತು, ಎಲ್ಲ ದಾಖಲಿಸಿ ದೂರದ ಸರ್ವರಿಗೆ ಕಳಿಸುತ್ತದೆ. ಅದನ್ನು ನಡೆಸುವವರು ಕೂತಲ್ಲಿಂದಲೇ ನಿಮ್ಮ ಫೈಲನ್ನು ಎಳೆದುಕೊಳ್ಳುವ ಸೌಲಭ್ಯವೂ ಹಲವುದರಲ್ಲಿದೆ. ಅಂಕಪಟ್ಟಿ, ಶುಲ್ಕ, ಫಲಿತಾಂಶ ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ಕಾವಲು ಬೇಕು, ಒಪ್ಪೋಣ. ಆದರೆ ಮನೆ ಕಾಯಲು ಬಂದವನು ಅಡುಗೆಮನೆಯ ಡಬ್ಬಿ ಮುಚ್ಚಳ ತೆಗೆದರೆ ಯಾಕಪ್ಪಾ ಅಂತ ಕೇಳುವುದಿಲ್ಲವೇ?

ಅಮೆರಿಕದಲ್ಲಿ ಕೇಳಿದರು. 2015ರಲ್ಲಿ ತನ್ನ ಆಸ್ಪತ್ರೆಗಳ ಕಂಪ್ಯೂಟರಿಗೆ ಕನ್ನ ಬಿದ್ದ ಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕ್ಯಾಂಪಸ್ಸುಗಳ ಜಾಲದ ಮೇಲೆ ನಿಗಾ ಯಂತ್ರ ಇಟ್ಟಿತು. ಪಾಠ ಹೇಳುವ ಮೇಷ್ಟ್ರುಗಳಿಗೇ ತಿಳಿಸಲಿಲ್ಲ! 2016ರ ಆರಂಭದಲ್ಲಿ ಬರ್ಕ್ಲಿಯ ಅಧ್ಯಾಪಕರು ಅದನ್ನು ಬಯಲಿಗೆಳೆದರು. ಯಂತ್ರದಷ್ಟೇ ಅವರನ್ನು ಕೆರಳಿಸಿದ್ದು ಆ ಗುಟ್ಟು.

ನಮಗೆ ಈ ಹಕ್ಕು ಕೊಡಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ನೋಟಿಸನ್ನು ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿದೆ.

ಖುಷಿಪಡುವ ಮೊದಲು ಸಂದು ನೋಡಿ. ಸರ್ಕಾರ ಸವಲತ್ತು, ಪ್ರಮಾಣಪತ್ರ ಕೊಡುವಾಗ ಒಪ್ಪಿಗೆ ಕೇಳಲೇಬೇಕೆಂದಿಲ್ಲ. ನೌಕರರ ಮೇಲೂ ಅಂಥದೇ ವಿನಾಯಿತಿ. ಒಪ್ಪಿಗೆ ಬೇಡವೆಂದರೆ ಆ ನೋಟಿಸೂ ಬೇಡ. ನಿಯಮಗಳು ಹೊರಬಿದ್ದದ್ದೇ 2025ರ ನವೆಂಬರಿನಲ್ಲಿ; ನೋಟಿಸಿನ ಕರ್ತವ್ಯಕ್ಕೆ ಮತ್ತೆ ಹದಿನೆಂಟು ತಿಂಗಳ ಗಡುವು. ಅಲ್ಲಿಗೆ ನಿಮ್ಮಲ್ಲಿ ಎಷ್ಟೋ ಜನ ಡಿಗ್ರಿ ಮುಗಿಸಿರುತ್ತೀರಿ.

ಹಾಗಾಗಿ ಕಾಯ್ದೆಗೆ ಕಾಯಬೇಡಿ. ಏನು ದಾಖಲಾಗುತ್ತದೆ, ಎಷ್ಟು ದಿನ ಇರುತ್ತದೆ, ಯಾರು ನೋಡುತ್ತಾರೆ, ಯಾವ ಕಂಪನಿಯ ಸರ್ವರಿಗೆ ಹೋಗುತ್ತದೆ: ಲ್ಯಾಬಿನ ಬಾಗಿಲಿಗೆ ಕನ್ನಡದ ಒಂದು ಹಾಳೆ ಅಂಟಿಸಲು ಏನು ಕಷ್ಟ? ವೈಫೈ ಬೇಕಾದರೆ ನಿಮ್ಮ ಮೊಬೈಲಿಗೆ 'ಸರ್ಟಿಫಿಕೇಟ್' ಹಾಕಿಕೊಳ್ಳಿ ಎಂದರೆ ಇನ್ನೂ ಜೋರಾಗಿ ಕೇಳಿ. ಬೀಗ ಹಾಕಿ ಕಳಿಸಿದ ಮಾತನ್ನೂ ದಾರಿಯಲ್ಲಿ ತೆರೆಯಬಲ್ಲ ಕೀಲಿ ಅದಾಗಿರಬಹುದು.

ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳು ಬಾಯಿ ಬಿಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ ಹತ್ತು ರೂಪಾಯಿ. ಅರ್ಜಿ 150 ಪದ ಮೀರದಿರಲಿ. ತಂತ್ರಾಂಶದ ಒಳಗುಟ್ಟು ಕೇಳಿದರೆ ಭದ್ರತೆಯ ನೆಪ ಹೇಳಿ ತಳ್ಳಿಹಾಕುತ್ತಾರೆ. ಅದನ್ನು ಬಳಸುವ ನಿಯಮದ ಪ್ರತಿ ಕೇಳಿ. ಕನ್ನಡದಲ್ಲೇ ಬರೆಯಿರಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.